ಮನೆ ಇಬ್ಬರದು, ಸಾಲ ಯಾರದು?

ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ದ್ಯೂತಪ್ರಸಂಗದ ಪಾಠ ಬಂದಾಗಲೆಲ್ಲ ನಾನು ಪುಸ್ತಕವನ್ನು ಮುಚ್ಚಿ, ದ್ರೌಪದಿ ತುಂಬಿದ ಸಭೆಯಲ್ಲಿ ಕೇಳಿದ ಪ್ರಶ್ನೆಯನ್ನು ಕರಿಹಲಗೆಯ ಮೇಲೆ ಬರೆಯುತ್ತಿದ್ದೆ. ಮೊದಲು ತನ್ನನ್ನೇ ಸೋತುಕೊಂಡವನಿಗೆ ಆಮೇಲೆ ಹೆಂಡತಿಯನ್ನು ಪಣಕ್ಕೆ ಒಡ್ಡುವ ಅಧಿಕಾರ ಉಳಿದಿತ್ತೇ? ಗಂಟೆ ಹೊಡೆಯುವವರೆಗೂ ನೀವು ವಾದಿಸುತ್ತಿದ್ದಿರಿ. ಭೀಷ್ಮರೇ ಧರ್ಮಸೂಕ್ಷ್ಮವೆಂದು ನುಣುಚಿಕೊಂಡ ಪ್ರಶ್ನೆಗೆ ಉತ್ತರ ಹೇಳುವ ಹೊಣೆ ನನ್ನದಲ್ಲವೆಂದು ನಾನು ನಗುತ್ತಾ ಹಾಜರಿ ಪುಸ್ತಕವನ್ನು ಎತ್ತಿಕೊಂಡು ಹೊರಡುತ್ತಿದ್ದೆ. ಅದೇ ಪ್ರಶ್ನೆಯನ್ನು ಅದೇ ತರಗತಿಯ ಎರಡನೆಯ ಬೆಂಚಿನಲ್ಲಿ ಕುಳಿತಿದ್ದ ಹುಡುಗಿಯೊಬ್ಬಳು ಮುಂದೊಂದು ದಿನ ನನ್ನ ಮನೆಯ ಜಗಲಿಯಲ್ಲಿ ಕುಳಿತು ಕೇಳಿಯಾಳೆಂದು ನಾನು ಎಣಿಸಿರಲಿಲ್ಲ.

ಆಕೆಯ ಹೆಸರನ್ನು ಬರೆಯುವುದಿಲ್ಲ. ಊರು ತಿಪಟೂರಿನ ಕಡೆ ಎಂದಷ್ಟೇ ಹೇಳುತ್ತೇನೆ. ಬರೆಯಲು ಆಕೆಯ ಒಪ್ಪಿಗೆಯನ್ನು ಕೇಳಿದಾಗ, "ಬರೀರಿ ಸಾರ್, ಇನ್ನೊಬ್ಬಳಿಗಾದರೂ ಉಪಯೋಗವಾಗಲಿ" ಎಂದಳು. 1994ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಮುಂದೆ ಓದಿ, ತಾನೂ ಒಂದು ಅನುದಾನಿತ ಶಾಲೆಯಲ್ಲಿ ಶಿಕ್ಷಕಿಯಾದವಳು. ಗಂಡನಿಗೆ ಕೊಬ್ಬರಿ ಮಂಡಿ ವ್ಯಾಪಾರ. ಇಬ್ಬರೂ ಸೇರಿ 2009ರಲ್ಲಿ ಒಂದು ಮನೆ ಕೊಂಡರು. ಆಕೆಯ ತವರಿನ ಒಡವೆಗಳೂ, ಸಂಬಳದಿಂದ ತಿಂಗಳು ತಿಂಗಳು ಕಟ್ಟಿದ ಕಂತುಗಳೂ ಆ ಮನೆಯೊಳಗೆ ಸೇರಿವೆ. ಕ್ರಯಪತ್ರದಲ್ಲಿ ಇಬ್ಬರ ಹೆಸರೂ ಇತ್ತು. ಗೃಹಪ್ರವೇಶಕ್ಕೆ ನಾನೂ ನನ್ನ ಮನೆಯವರೂ ಹೋಗಿದ್ದೆವು. "ನನ್ನ ಹೆಸರೂ ಇದೆ ಸಾರ್" ಎಂದು ಆಕೆ ಪತ್ರವನ್ನು ತಂದು ತೋರಿಸಿದಾಗ, ಪಾಠ ಒಪ್ಪಿಸಿದ ಹುಡುಗಿಯ ಮುಖದಲ್ಲಿದ್ದ ಸಂತೋಷವೇ ಅಂದೂ ಇತ್ತು.

ಇನ್ನು ನನ್ನ ತಪ್ಪಿನ ಮಾತು. 2017ರಲ್ಲಿ ಒಂದು ಸಂಜೆ ಆಕೆ ದೂರವಾಣಿ ಮಾಡಿದಳು. "ಸಾರ್, ಮಂಡಿ ಸಾಲ ಜಾಸ್ತಿ ಮಾಡಿಸ್ತಾರಂತೆ. ಮನೆ ಪತ್ರ ಬ್ಯಾಂಕಿಗೆ ಇಡಬೇಕು, ನಾನೂ ಸಹಿ ಹಾಕಬೇಕು ಅಂತಾರೆ ನಮ್ಮ ಯಜಮಾನರು. ಹಾಕಬಹುದಾ?" ಆಕೆಯ ತಂದೆ ತೀರಿಕೊಂಡಿದ್ದರು. ಹಿರಿಯನೆಂದು ನನ್ನನ್ನು ಕೇಳಿದ್ದಳು. ನಾನು ಒಂದು ನಿಮಿಷವೂ ಯೋಚಿಸದೆ, "ಸಂಸಾರ ಅಂದ ಮೇಲೆ ನಂಬಿಕೆ ಮುಖ್ಯ ಕಣಮ್ಮ, ಲೆಕ್ಕಾಚಾರ ಬೇಡ, ಹಾಕು" ಎಂದೆ. ಕಾಗದದಲ್ಲಿ ಏನಿದೆ ಎಂದು ಕೇಳಲಿಲ್ಲ, ಓದಿದೆಯಾ ಎಂದೂ ಕೇಳಲಿಲ್ಲ. ಜಾಮೀನೆಂದರೇನು, ಅಡಮಾನವೆಂದರೇನು ಎಂಬುದನ್ನು ಅರಿತು ಆ ಉಪದೇಶವನ್ನು ಕೊಟ್ಟೆನೇ ಎಂದರೆ, ಇಲ್ಲ. ಮೂವತ್ತೈದು ವರ್ಷ ಮಕ್ಕಳಿಗೆ ಬುದ್ಧಿ ಹೇಳಿದವನಿಗೆ ಬುದ್ಧಿ ಹೇಳುವುದು ಚಟವಾಗಿಬಿಟ್ಟಿರುತ್ತದೆ.

ಮುಂದಿನದು ನೀವು ಊಹಿಸಿದಂತೆಯೇ ಆಯಿತು. ಧಾರಣೆ ಏರಿದಾಗ ಕೊಂಡ ಸರಕನ್ನು ಇಳಿದಾಗ ಮಾರಬೇಕಾಯಿತು. ಬ್ಯಾಂಕಿನ ಸಾಲ ಸಾಲದೆ ಕೈಸಾಲ, ಕೈಸಾಲ ತೀರಿಸಲು ಚೀಟಿ ಎತ್ತುವುದು, ಚೀಟಿಯ ಕಂತಿಗೆ ಮತ್ತೊಂದು ಕೈಸಾಲ. ಬ್ಯಾಂಕಿನಿಂದ ಬಂದ ನೋಟೀಸುಗಳನ್ನು, ಹೆಂಡತಿಯ ಹೆಸರಿನದನ್ನೂ ತಾನೇ ಸಹಿ ಮಾಡಿ ಪಡೆದು, ಮನುಷ್ಯ ಮಂಡಿಯ ಗಲ್ಲಾಪೆಟ್ಟಿಗೆಯ ಕೆಳಗೆ ಇಟ್ಟುಬಿಟ್ಟಿದ್ದ. ಆತ ದುಷ್ಟನಲ್ಲ, ನಾನು ಬಲ್ಲೆ. ನಾಚಿಕೆಯಿಂದ ಹಾಗೆ ಮಾಡಿದ. ಕೊಬ್ಬರಿ ಹೊತ್ತ ಹಮಾಲರಲ್ಲಿ ಒಬ್ಬ ಮಗಳ ಮದುವೆಗೆಂದು ಕೂಡಿಟ್ಟ ಹಣವನ್ನೂ ಆತನ ಬಳಿ ಬಡ್ಡಿಗೆ ಬಿಟ್ಟಿದ್ದನಂತೆ. 2022ರಲ್ಲಿ ಎಲ್ಲ ಹೊರಬಿದ್ದಾಗ ಊರಿನವರು ಎಂದಿನಂತೆ, "ಪಾಪರ್ ಚೀಟಿ ತಗೊಳ್ಳಲಿ, ಮನೆ ಹೆಂಡತಿ ಹೆಸರಲ್ಲೂ ಇದೆಯಲ್ಲ, ಯಾರು ಮುಟ್ಟುತ್ತಾರೆ" ಎಂದರು. ಮತ್ತೊಬ್ಬ ಬಂಧು, "ತಡ ಮಾಡಬೇಡಿ, ಅವನ ಅರ್ಧ ಪಾಲನ್ನೂ ನಿನ್ನ ಹೆಸರಿಗೆ ದಾನಪತ್ರ ಬರೆಸಿಬಿಡು" ಎಂದರಂತೆ. ಅದನ್ನು ಕೇಳಲೆಂದೇ ಆಕೆ ಬಟ್ಟೆಯ ಚೀಲದ ತುಂಬ ಕಾಗದ ತುಂಬಿಕೊಂಡು ನನ್ನಲ್ಲಿಗೆ ಬಂದದ್ದು. "ಸಾರ್, ಸಾಲ ಅವರದು. ಮನೆ ನಂದೂ ಹೌದಲ್ವಾ? ನನ್ನದನ್ನ ಅವರು ಹೇಗೆ ಕಳೀತಾರೆ?"

2017ರ ಆ ದೂರವಾಣಿಯ ಮಾತನ್ನು ಆಕೆ ಎತ್ತಲೇ ಇಲ್ಲ. ಎತ್ತಿದ್ದರೆ ಚೆನ್ನಾಗಿತ್ತು ಎಂದು ನನಗೆ ಅನ್ನಿಸಿತು. ಈ ಬಾರಿ ನಾನು ಬುದ್ಧಿ ಹೇಳಲಿಲ್ಲ. ನನ್ನ ಮತ್ತೊಬ್ಬ ಹಳೆಯ ವಿದ್ಯಾರ್ಥಿ ತುಮಕೂರಿನಲ್ಲಿ ವಕೀಲನಾಗಿದ್ದಾನೆ. ಅವನಲ್ಲಿಗೆ ಕರೆದುಕೊಂಡು ಹೋದೆ. ಅಂದಿನಿಂದ ಅವನ ಕಚೇರಿಯಲ್ಲಿ ಕಲಿತದ್ದನ್ನೂ, ಆಮೇಲೆ ಕಾಯಿದೆಯ ಪುಸ್ತಕಗಳನ್ನು ತೆರೆದು ಓದಿ ತಿಳಿದದ್ದನ್ನೂ ಇಲ್ಲಿ ನಿಮ್ಮ ಮುಂದಿಡುತ್ತೇನೆ. ಇದು ವಕೀಲಿಕೆಯಲ್ಲ. ನನ್ನ ಹೊಸ ಪಾಠದ ಟಿಪ್ಪಣಿ ಎಂದು ತಿಳಿಯಿರಿ.

ಮೊದಲನೆಯದಾಗಿ, ಜಂಟಿ ಹೆಸರು ಕೋಟೆಯಲ್ಲ. ಅದು ನಿಮ್ಮ ಪಾಲನ್ನು ಮಾತ್ರ ಗುರುತಿಸುತ್ತದೆ. ಗಂಡ ಒಬ್ಬನೇ ಮಾಡಿದ ಸಾಲಕ್ಕೆ, ಹೆಂಡತಿ ಎಲ್ಲಿಯೂ ಸಹಿ ಹಾಕಿರದಿದ್ದರೆ, ಸಾಲ ಕೊಟ್ಟವರು ಡಿಕ್ರಿ ಪಡೆದು ಜಪ್ತಿ ಮಾಡಿಸಬಹುದಾದುದು ಗಂಡನ ಪಾಲನ್ನು ಮಾತ್ರ. ಹೆಂಡತಿಯ ಪಾಲು ಆಕೆಯದೇ. ಆದರೆ, "ಆಕೆಯ ಹೆಸರು ಹೆಸರಿಗಷ್ಟೇ, ಹಣವೆಲ್ಲ ಗಂಡನದೇ" ಎಂದು ಎದುರು ಪಕ್ಷದವರು ವಾದಿಸಬಹುದು. ಆಗ ಕಂತು ಕಟ್ಟಿದ ಪಾಸ್‌ಬುಕ್ಕು, ಒಡವೆ ಮಾರಿದ ರಸೀದಿ ಇವೇ ಸಾಕ್ಷಿ. ನನ್ನ ಶಿಷ್ಯೆ ಅವೆಲ್ಲವನ್ನೂ ಹಳೆಯ ಸೀರೆಯ ಗಂಟಿನಲ್ಲಿ ಕಟ್ಟಿಟ್ಟಿದ್ದಳು. ಶಾಲೆಯಲ್ಲಿಯೂ ಆಕೆಯ ನೋಟುಪುಸ್ತಕಗಳು ಹಾಗೆಯೇ ಇರುತ್ತಿದ್ದವು.

ಗಂಡನ ಪಾಲನ್ನು ಹೊರಗಿನವನೊಬ್ಬ ಹರಾಜಿನಲ್ಲಿ ಕೊಂಡನೆನ್ನಿ. ಆತ ಮರುದಿನವೇ ಟ್ರಂಕು ಹೊತ್ತು ಬಂದು ನಡುಮನೆಯಲ್ಲಿ ಕೂರಬಹುದೇ? ಸ್ವತ್ತು ವರ್ಗಾವಣೆ ಕಾಯಿದೆಯ 44ನೆಯ ಕಲಮಿನ ಪ್ರಕಾರ, ವಿಭಾಗವಾಗದ ಕುಟುಂಬದ ವಾಸದ ಮನೆಯಲ್ಲಿ ಪಾಲು ಕೊಂಡ ಪರಕೀಯನಿಗೆ ಮನೆಯವರೊಡನೆ ಕೂಡಿ ಇರುವ ಹಕ್ಕಿಲ್ಲ. ಆತ ವಿಭಾಗಕ್ಕಾಗಿ ದಾವೆ ಹೂಡಬೇಕು. ಹಾಗೆ ಹೂಡಿದಾಗ, 1893ರ ವಿಭಾಗ ಕಾಯಿದೆಯ 4ನೆಯ ಕಲಂ ಕುಟುಂಬದ ಪಾಲುದಾರರಿಗೆ ಒಂದು ಬಾಗಿಲನ್ನು ತೆರೆಯುತ್ತದೆ. ನ್ಯಾಯಾಲಯ ಕಟ್ಟಿದ ಬೆಲೆಗೆ ಆ ಪಾಲನ್ನು ಅವರೇ ಕೊಂಡುಕೊಳ್ಳಬಹುದು. ನೂರಮೂವತ್ತು ವರ್ಷದ ಹಿಂದಿನ ಕಾಯಿದೆಯಲ್ಲಿ ಮನೆಯೆಂಬುದು ಬರಿಯ ಇಟ್ಟಿಗೆ ಗಾರೆಯಲ್ಲವೆಂಬ ತಿಳಿವಳಿಕೆ ಇದ್ದುದನ್ನು ಕಂಡು ನನಗೆ ಸಂತೋಷವಾಯಿತು.

ಆದರೆ ಎರಡನೆಯ ವಿಷಯಕ್ಕೆ ಬಂದಾಗ ಆ ಸಂತೋಷ ಉಳಿಯಲಿಲ್ಲ. ಹೆಂಡತಿ ಅಡಮಾನದ ಪತ್ರಕ್ಕೆ ಸಹಿ ಹಾಕಿದ್ದರೆ ಮೇಲೆ ಹೇಳಿದ ಪಾಲಿನ ಮಾತೆಲ್ಲ ಬ್ಯಾಂಕಿನ ಮುಂದೆ ನಿಲ್ಲುವುದಿಲ್ಲ. ಇಡೀ ಮನೆ ಆ ಸಾಲಕ್ಕೆ ಗುರಿ. 2002ರ ಸರ್ಫೇಸಿ ಕಾಯಿದೆಯಂತೆ ಬ್ಯಾಂಕು ನ್ಯಾಯಾಲಯದಲ್ಲಿ ದಾವೆಯನ್ನೇ ಹೂಡಬೇಕಾಗಿಲ್ಲ. ಅರವತ್ತು ದಿನಗಳ ನೋಟೀಸು ಕೊಟ್ಟು, ಆಮೇಲೆ ಮನೆಯನ್ನು ಸ್ವಾಧೀನಕ್ಕೆ ತೆಗೆದುಕೊಳ್ಳಬಹುದು. ಅದಕ್ಕೆ ಜಿಲ್ಲಾ ದಂಡಾಧಿಕಾರಿಗಳ ನೆರವನ್ನೂ ಕೋರಬಹುದು. ಅದರ ವಿರುದ್ಧ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಲು ನಲವತ್ತೈದು ದಿನಗಳ ಅವಧಿ. ಗಲ್ಲಾಪೆಟ್ಟಿಗೆಯ ಕೆಳಗೆ ಇಟ್ಟ ನೋಟೀಸಿಗೂ ಈ ದಿನಗಳು ಓಡುತ್ತಲೇ ಇರುತ್ತವೆ.

ಪಾಪರ್ ಚೀಟಿಯ ಮಾತೂ ಹೀಗೆಯೇ. ಮುಂಬಯಿ, ಕೋಲ್ಕತ್ತ, ಚೆನ್ನೈ ನಗರಗಳಿಗೆ 1909ರ ಕಾಯಿದೆ, ನಮ್ಮಂಥ ಜಿಲ್ಲೆಗಳಿಗೆ 1920ರ ಕಾಯಿದೆ. ದಿವಾಳಿಯೆಂದು ಘೋಷಿತನಾದವನ ಆಸ್ತಿಯೆಲ್ಲ ನ್ಯಾಯಾಲಯದ ಅಥವಾ ಅದು ನೇಮಿಸಿದ ರಿಸೀವರನ ಕೈಸೇರುತ್ತದೆ. ಜಂಟಿ ಮನೆಯಲ್ಲಿ ಆತನ ಪಾಲೂ ಅದರೊಳಗೆ. ಅಡಮಾನ ಹಿಡಿದವನ ಹಕ್ಕು ಮಾತ್ರ ಅದರಿಂದ ಕದಲುವುದಿಲ್ಲ. ಚೀಟಿ ಪಡೆದೊಡನೆ ಮನೆ ಉಳಿಯಿತೆಂಬುದು ಕಟ್ಟೆಯ ಮೇಲಿನ ಕಾನೂನು.

ದಾನಪತ್ರದ ಸಲಹೆಯಂತೂ ಎಲ್ಲಕ್ಕಿಂತ ಅಪಾಯಕರ. ಸಾಲ ಕೊಟ್ಟವರನ್ನು ವಂಚಿಸುವ ಉದ್ದೇಶದಿಂದ ಮಾಡಿದ ವರ್ಗಾವಣೆಯನ್ನು ಅವರು ರದ್ದುಪಡಿಸಿಕೊಳ್ಳಬಹುದು. 1920ರ ಕಾಯಿದೆಯ ಪ್ರಕಾರ, ಹಣ ಪಡೆಯದೆ ಕೊಟ್ಟ ಆಸ್ತಿಯನ್ನು, ಕೊಟ್ಟ ಎರಡು ವರ್ಷದೊಳಗೆ ದಿವಾಳಿ ಅರ್ಜಿ ಬಂದು ಆತ ದಿವಾಳಿಯೆಂದು ಘೋಷಿತನಾದರೆ, ನ್ಯಾಯಾಲಯ ಹಿಂದಕ್ಕೆ ತರಬಹುದು. ವಕೀಲ ಶಿಷ್ಯ ಇದನ್ನು ವಿವರಿಸಿ, "ಮೇಡಂ, ನಿಮ್ಮ ಪಾಲು ಪ್ರಾಮಾಣಿಕವಾದದ್ದು. ಅವರ ಪಾಲನ್ನು ಅದರ ಜೊತೆ ಬಚ್ಚಿಡಲು ಹೋದರೆ ನಿಮ್ಮದರ ಮೇಲೂ ಅನುಮಾನ ಬರುತ್ತೆ" ಎಂದ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಮಾಲಪ್ಪನ ಮಗಳ ಮದುವೆ ದುಡ್ಡೂ ಅದರಲ್ಲಿದೆ, ಬೇಡ ಸಾರ್" ಎಂದಳು. ನನ್ನ ತರಗತಿಯಲ್ಲಿ ಕಲಿತವಳೆಂದು ಹೇಳಿಕೊಳ್ಳಲು ನನಗೆ ಹೆಮ್ಮೆಯಾದ ಗಳಿಗೆ ಅದು. ಅದನ್ನು ನಾನು ಕಲಿಸಿದೆನೆಂದು ಮಾತ್ರ ಹೇಳಲಾರೆ.

ಕಡೆಗೆ ಆದದ್ದು ಇಷ್ಟು. ಈಗಿನ ಕಾಯಿದೆಯಂತೆ ಹರಾಜಿನ ಪ್ರಕಟಣೆ ಹೊರಡುವ ಮುನ್ನ ಬಾಕಿಯನ್ನು ತೀರಿಸಿದರೆ ಮನೆಯನ್ನು ಬಿಡಿಸಿಕೊಳ್ಳಬಹುದು. ನೋಟೀಸು ಬಂದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಮಾರುವಂತಿಲ್ಲ. ಆ ಒಪ್ಪಿಗೆ ಪಡೆದು ಅವರೇ ಮನೆಯನ್ನು 48 ಲಕ್ಷಕ್ಕೆ ಮಾರಿದರು. ಹರಾಜಿನಲ್ಲಿ ಅಷ್ಟು ಬರುತ್ತಿರಲಿಲ್ಲ. ಬ್ಯಾಂಕಿಗೆ 31 ಲಕ್ಷ ಹೋಯಿತು. ಉಳಿದ 17 ಲಕ್ಷದ ಬಗ್ಗೆ ವಕೀಲ ಒಂದು ಸೂಕ್ಷ್ಮವನ್ನು ಎತ್ತಿ ತೋರಿಸಿದ. ಸಾಲ ಗಂಡನ ವ್ಯಾಪಾರದ್ದು. ಅವನ ಪಾಲಿನ 24 ಲಕ್ಷ ಪೂರ್ತಿ ಹೋಗಿ, ಮೇಲೆ ಏಳು ಲಕ್ಷ ಹೆಂಡತಿಯ ಪಾಲಿನಿಂದ ಹೋಗಿದೆ. ಜಾಮೀನುದಾರ ಕೊಟ್ಟದ್ದನ್ನು ಮೂಲ ಸಾಲಗಾರನಿಂದ ಪಡೆಯುವ ಹಕ್ಕು 1872ರ ಕರಾರು ಕಾಯಿದೆಯಲ್ಲಿಯೇ ಇರುವುದರಿಂದ ಆಕೆಯೂ ಗಂಡನಿಗೆ ಸಾಲ ಕೊಟ್ಟವಳಂತೆಯೇ ಆದಳು. ಆದ್ದರಿಂದ ಉಳಿದದ್ದೆಲ್ಲ ಆಕೆಯದೆಂಬುದು ಅವನ ವಾದ. ಕೈಸಾಲ ಕೊಟ್ಟವರು ಒಪ್ಪಲಿಲ್ಲ. ಮಾತುಕತೆಯಾಗಿ, ಆಕೆ ಐದು ಲಕ್ಷ ಬಿಟ್ಟುಕೊಟ್ಟಳು, ಅದರಲ್ಲಿ ಮೊದಲು ಹಮಾಲನ ಹಣ ಪೂರ್ತಿ ತೀರಬೇಕೆಂಬ ಕರಾರಿನ ಮೇಲೆ. ಈಗ ಬಾಡಿಗೆ ಮನೆಯಲ್ಲಿದ್ದಾರೆ. ಗಂಡ ಇನ್ನೊಬ್ಬರ ಮಂಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಹನ್ನೆರಡು ಲಕ್ಷ ಆಕೆಯ ಹೆಸರಿನಲ್ಲಿ ಠೇವಣಿಯಾಗಿದೆ.

ಇನ್ನು ನನ್ನ ಅಭಿಪ್ರಾಯ. ವಾಸದ ಮನೆಯನ್ನು ಯಾವ ಸಾಲಕ್ಕೂ ಮುಟ್ಟಲೇಬಾರದು ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ಹಮಾಲನ ಮಗಳಿಗೆ ನಾನು ಉತ್ತರ ಕೊಡಬೇಕಾಗುತ್ತದೆ. ಮಹಡಿ ಮನೆಯಲ್ಲಿ ಕುಳಿತು ಪಾಪರ್ ಚೀಟಿ ತೋರಿಸಿದವರನ್ನೂ ನಾವು ಕಂಡಿದ್ದೇವೆ. ಆದರೆ ನ್ಯಾಯದಲ್ಲಿ ಎರಡು ಕೊರತೆಗಳು ನನಗೆ ಎದ್ದು ಕಾಣುತ್ತವೆ.

ಒಂದು, ತಿಳಿಯದೆ ಹಾಕಿದ ಸಹಿ. ಇಂಗ್ಲೆಂಡಿನಲ್ಲಿ ನೆಲೆಸಿರುವ ಶಿಷ್ಯನೊಬ್ಬ ಈ ಕಥೆಯನ್ನು ಕೇಳಿ ಅಲ್ಲಿನ ವ್ಯವಸ್ಥೆಯನ್ನು ತಿಳಿಸಿದ. ಗಂಡನ ವ್ಯಾಪಾರದ ಸಾಲಕ್ಕೆ ಹೆಂಡತಿ ಜಾಮೀನು ನಿಲ್ಲುವಾಗ, ಅದರ ಪರಿಣಾಮವೇನೆಂದು ಆಕೆಗೆ ವಕೀಲರೊಬ್ಬರು ಗಂಡನಿಲ್ಲದ ಕಡೆ ಕೂರಿಸಿಕೊಂಡು ವಿವರಿಸಿದ್ದಾರೆಂಬುದನ್ನು ಬ್ಯಾಂಕು ಖಚಿತಪಡಿಸಿಕೊಳ್ಳಬೇಕೆಂದು ಅಲ್ಲಿನ ಹೌಸ್ ಆಫ್ ಲಾರ್ಡ್ಸ್ 2001ರ ಎಟ್ರಿಜ್ ಪ್ರಕರಣದಲ್ಲಿ ಹೇಳಿತು. ಹಾಗೆ ಮಾಡದ ಬ್ಯಾಂಕಿಗೆ ಆ ಸಹಿಯೇ ಕೈಕೊಡಬಹುದು. ಅಲ್ಲಿ ಗಂಡ ದಿವಾಳಿಯಾದರೆ ಜಂಟಿ ಮನೆಯನ್ನು ಮಾರಲು ಟ್ರಸ್ಟಿ ನ್ಯಾಯಾಲಯವನ್ನು ಕೇಳಬೇಕು. ಮೊದಲ ಒಂದು ವರ್ಷ ಹೆಂಡತಿ ಮಕ್ಕಳ ಅಗತ್ಯವನ್ನು ನ್ಯಾಯಾಲಯ ತೂಗಿ ನೋಡುತ್ತದೆ. ಆಮೇಲೆ ಅಸಾಧಾರಣ ಕಾರಣವಿಲ್ಲದಿದ್ದರೆ ಸಾಲ ಕೊಟ್ಟವರದೇ ಮೇಲುಗೈ. ಮಾರಿದರೂ ಹೆಂಡತಿಯ ಪಾಲಿನ ಹಣ ಆಕೆಗೇ ಸಲ್ಲುತ್ತದೆ. ಅದೇನೂ ಸ್ವರ್ಗವಲ್ಲ. ಆದರೂ ಉಸಿರಾಡಲು ಒಂದು ವರ್ಷವಿದೆ, ಸಹಿಗೆ ಮುನ್ನ ಒಂದು ಗಂಟೆಯಿದೆ. ಆ ಒಂದು ಗಂಟೆಯನ್ನು ನಮ್ಮ ದೇಶದಲ್ಲಿಯೂ ಕಡ್ಡಾಯ ಮಾಡಲು ಎಷ್ಟು ಖರ್ಚಾದೀತು? ಕಾಗದವನ್ನು ಕನ್ನಡದಲ್ಲಿ ಓದಿ ಹೇಳಿ, "ಅಮ್ಮಾ, ಅವರು ಕಟ್ಟದಿದ್ದರೆ ಈ ಇಡೀ ಮನೆ ಹೋಗುತ್ತದೆ" ಎಂಬ ಒಂದು ವಾಕ್ಯವನ್ನು ಗಂಡನಿಲ್ಲದಾಗ ಹೇಳಿದರೆ ಸಾಕು. ಆಮೇಲೂ ಆಕೆ ಸಹಿ ಹಾಕಿದರೆ ಅದು ಆಕೆಯ ನಿರ್ಧಾರ.

ಎರಡು, ಸಾಧಾರಣ ಮನೆಯೊಂದಕ್ಕೆ ರಕ್ಷಣೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಂ ತಾಳಿಯನ್ನು, ಅಡುಗೆಯ ಪಾತ್ರೆಗಳನ್ನು, ಹಾಸಿಗೆ ಬಟ್ಟೆಯನ್ನು, ಕುಶಲಕರ್ಮಿಯ ಸಲಕರಣೆಗಳನ್ನು ಜಪ್ತಿಯಿಂದ ಕಾಪಾಡುತ್ತದೆ. ರೈತ, ಕೂಲಿಕಾರ, ಮನೆಗೆಲಸದವರು ವಾಸಿಸುವ ಸ್ವಂತ ಮನೆಗೂ ಅದರಲ್ಲಿ ರಕ್ಷಣೆಯಿದೆ. ಇದು ಸರಿಯೇ. ಆದರೆ ಶಿಕ್ಷಕಿಯ, ಸಣ್ಣ ವ್ಯಾಪಾರಿಯ ಎರಡು ಕೋಣೆಯ ಮನೆಗೆ ಇಲ್ಲ. 2016ರ ದಿವಾಳಿ ಸಂಹಿತೆಯಲ್ಲಿ, ಅಡಮಾನವಿಲ್ಲದ ಒಂದು ವಾಸದ ಮನೆಯನ್ನು ಸರ್ಕಾರ ಗೊತ್ತುಪಡಿಸುವ ಮೌಲ್ಯದ ಮಿತಿಯೊಳಗೆ ಹೊರಗಿಡುವ ಮಾತು ಬಂದಿತು. ಒಳ್ಳೆಯ ವಿಚಾರ. ಆದರೆ ವ್ಯಕ್ತಿಗಳ ದಿವಾಳಿಗೆ ಸಂಬಂಧಿಸಿದ ಆ ಭಾಗವನ್ನು 2019ರ ಡಿಸೆಂಬರ್ 1ರಂದು ಕಂಪನಿ ಸಾಲಗಳಿಗೆ ಜಾಮೀನು ನಿಂತವರ ಮಟ್ಟಿಗೆ ಮಾತ್ರ ಜಾರಿಗೆ ತಂದರು. ಮಂಡಿ ವ್ಯಾಪಾರಿಗೆ ನೂರು ವರ್ಷದ ಹಳೆಯ ಕಾಯಿದೆಯೇ ಉಳಿಯಿತು. ದೊಡ್ಡವರ ಸೋಲಿಗೆ ಹೊಸ ಕಾಯಿದೆ, ಚಿಕ್ಕವರ ಸೋಲಿಗೆ ಹಳೆಯದು ಎಂಬ ಈ ಕ್ರಮ ನನಗೆ ಒಪ್ಪಿಗೆಯಾಗದು.

ಕಾಯಿದೆ ಬದಲಾಗುವವರೆಗೆ ನಾವು ಮಾಡಬಹುದಾದುದು ಇಲ್ಲವೇ? ಇದೆ. ವ್ಯಾಪಾರದ ಸಾಲಕ್ಕೆ ವಾಸದ ಮನೆಯನ್ನು ಇಡಬೇಡಿ. ಇಡಲೇಬೇಕಾದರೆ ಇಬ್ಬರೂ ಪೂರ್ತಿ ಓದಿ, ಮೊತ್ತ ಎಷ್ಟೆಂದು ತಿಳಿದು, ನಕಲೊಂದನ್ನು ಪಡೆದು ಸಹಿ ಹಾಕಿ. ಮನೆಗೆ ಯಾರು ಎಷ್ಟು ಹಾಕಿದರೆಂಬ ದಾಖಲೆ ಇರಲಿ. ಗಂಡ ತನ್ನ ಜೀವದ ಮೇಲೆ 1874ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯಿದೆಯಡಿ ಹೆಂಡತಿ ಮಕ್ಕಳ ಹಿತಕ್ಕಾಗಿ ವಿಮೆ ಮಾಡಿಸಿದರೆ, ಆ ಹಣ ಅವರ ಪಾಲಿನ ನಿಧಿಯಾಗುತ್ತದೆ. ಸಾಲ ಕೊಟ್ಟವರನ್ನು ವಂಚಿಸಲೆಂದೇ ಮಾಡಿಸಿದ್ದಲ್ಲದಿದ್ದರೆ ಅವರು ಅದನ್ನು ಮುಟ್ಟಲಾರರು. ಎಲ್ಲಕ್ಕೂ ಮಿಗಿಲಾಗಿ, ನೋಟೀಸು ಬಂದ ದಿನವೇ ಹೆಂಡತಿಗೆ ಹೇಳಿ. ನಾಚಿಕೆಗೆ ಕೊಟ್ಟ ಒಂದೊಂದು ದಿನವೂ ಅವಧಿಯಲ್ಲಿ ಕಳೆಯುತ್ತದೆ.

ಇದನ್ನೆಲ್ಲ ಬರೆಯಲು ನನಗೇನು ಯೋಗ್ಯತೆ ಎಂದು ಕೇಳಬಹುದು. 1996ರಲ್ಲಿ ಸಹೋದ್ಯೋಗಿಯೊಬ್ಬರ ಸಾಲಕ್ಕೆ ನಾನು ಮನೆಯಲ್ಲಿ ಹೇಳದೆ ಜಾಮೀನು ನಿಂತಿದ್ದೆ. ಎರಡು ವರ್ಷ ನನ್ನ ಸಂಬಳದಲ್ಲಿ ಕಡಿತವಾಯಿತು. "ತಿಂಗಳ ಸಾಮಾನಿಗೆ ಯಾಕೆ ದುಡ್ಡು ಸಾಲುತ್ತಿಲ್ಲ" ಎಂದು ನನ್ನಾಕೆ ಕೇಳಿದಾಗಲೆಲ್ಲ ಬೆಲೆಯೇರಿಕೆಯನ್ನು ದೂರಿದೆ. ಈ ಲೇಖನವನ್ನು ಓದಿ ಹೇಳುವಾಗ ಇಲ್ಲಿಗೆ ಬಂದು ತಡವರಿಸಿದೆ. ಆಕೆ ಹೂ ಕಟ್ಟುತ್ತಿದ್ದವಳು ತಲೆಯೆತ್ತದೆ, "ಗೊತ್ತಿತ್ತು, ಆಗಲೇ ಗೊತ್ತಾಗಿತ್ತು. ಮುಂದೆ ಓದಿ" ಎಂದಳು. ಮುಂದೆ ಓದಲು ಸ್ವಲ್ಪ ಹೊತ್ತು ಬೇಕಾಯಿತು. ಆ ಮೇಲೆ ಕಬ್ಬಿಣದ ಪೆಟ್ಟಿಗೆಯಿಂದ ನಮ್ಮ ಮನೆಯ ಪತ್ರಗಳನ್ನು ತೆಗೆದು, ಮೊದಲ ಬಾರಿಗೆ ಇಬ್ಬರೂ ಕೂಡಿ ಕುಳಿತು ಓದಿದೆವು. ಮನೆ ನನ್ನೊಬ್ಬನ ಹೆಸರಿನಲ್ಲಿತ್ತು. ಆಕೆಯ ಹೆಸರನ್ನು ಸೇರಿಸುವ ಕೆಲಸಕ್ಕೆ ಮುಂದಿನ ವಾರ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೊರಟಿದ್ದೇವೆ. ಸಾಲವೇನೂ ಇಲ್ಲ, ದಾನಪತ್ರಕ್ಕೆ ಯಾರೂ ಆಕ್ಷೇಪಿಸಲಾರರು!

ಸಾಲದ ಮೇಲಿನ ಸರ್ವಜ್ಞನ ತ್ರಿಪದಿಯನ್ನು ನಿಮಗೆಲ್ಲ ಬಾಯಿಪಾಠ ಮಾಡಿಸಿದ್ದೆ. ಪದಗಳ ಅರ್ಥ ಹೇಳಿದ್ದೆ, ಛಂದಸ್ಸು ಹೇಳಿದ್ದೆ, ಸಹಿ ಹಾಕುವ ಮುನ್ನ ಓದಬೇಕೆಂಬುದನ್ನು ಮಾತ್ರ ಹೇಳಿರಲಿಲ್ಲ. ಬಿಟ್ಟುಹೋದ ಆ ಪಾಠವನ್ನು ಈಗ ಸೇರಿಸಿದ್ದೇನೆ. ಮನೆಯಲ್ಲಿ ಇಬ್ಬರೂ ಕೂಡಿ ಓದಿರಿ.